‘ರಾರ್’ ಎಂಬ ಪದ ಮತ್ತು ಒಂದು ಡ್ಯಾನಿಶ್ ನಿಘಂಟು

ಡೆನ್ಮಾರ್ಕಿನಲ್ಲಿರುವ ಮಗಳು ತನ್ನ ಮನೆಯೊಡತಿಯನ್ನು ಎಲ್ಲರೂ ‘ರಾರ್’ ಎನ್ನುತ್ತಾರೆಂದು ಫೋನಿನಲ್ಲಿ ಹೇಳಿದಾಗ, ನನ್ನ ಬಳಿಯಿದ್ದ ಕಿರುನಿಘಂಟಿನಲ್ಲಿ ‘ಒಳ್ಳೆಯ’ ಎಂಬ ಒಂದೇ ಅರ್ಥ ಸಿಕ್ಕಿತು. ಅಷ್ಟಕ್ಕೆ ಸಮಾಧಾನವಾಗದೆ, 2003ರಿಂದ 2005ರ ನಡುವೆ ಆರು ಸಂಪುಟಗಳಲ್ಲಿ ಅಚ್ಚಾಗಿ ಈಗ ಅಂತರಜಾಲದಲ್ಲಿ ಉಚಿತವಾಗಿ ದೊರೆಯುವ ‘ಡೆನ್ ಡಾನ್ಸ್ಕೆ ಓರ್ಡ್‌ಬೋಗ್’ ನಿಘಂಟನ್ನು ಕಾರವಾರದ ಮನೆಯಲ್ಲಿ ಕುಳಿತು ಬಳಸತೊಡಗಿದೆ.

ಪದದ ತಲೆಯಲ್ಲೇ ಅದರ ರೂಪಗಳನ್ನು ಕೊಟ್ಟಿರುವುದು ಇದರ ದೊಡ್ಡ ಉಪಕಾರ. ‘ಎನ್ ರಾರ್ ಮಾನ್’ ಎಂದರೆ ಒಳ್ಳೆಯ ಗಂಡಸು, ಮಗು ನಪುಂಸಕಲಿಂಗವಾದ್ದರಿಂದ ‘ಎಟ್ ರಾರ್ಟ್ ಬಾರ್ನ್’, ಬಹುವಚನದಲ್ಲಿ ‘ರಾರೆ’. ನಮ್ಮ ‘ಒಳ್ಳೆಯ’ ನಾಮಪದಕ್ಕೆ ಮೊದಲು ಬಂದಾಗ ಗಂಡಸಿಗೂ ಮಗುವಿಗೂ ಜನರಿಗೂ ಬದಲಾಗುವುದಿಲ್ಲ, ವಾಕ್ಯದ ಕೊನೆಗೆ ಬಂದಾಗ ಮಾತ್ರ ಒಳ್ಳೆಯವನು, ಒಳ್ಳೆಯದು, ಒಳ್ಳೆಯವರು ಎಂದಾಗುತ್ತದೆ. ಆದರೆ ಮೀನುಪೇಟೆಯಲ್ಲಿ ದಿನವೂ ‘ಬರೊ, ಬರಿ, ಬರೆಂ’ ಎಂಬ, ‘ಒಳ್ಳೆಯ’ ಎಂಬುದರ ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗದ ಕೊಂಕಣಿ ರೂಪಗಳನ್ನು ಕೇಳುವ ಕಾರವಾರದವರಿಗೆ ಡ್ಯಾನಿಶ್ಶಿನ ಈ ನಡೆ ಹೊಸದೆನಿಸದು. ಡ್ಯಾನಿಶ್ಶಿನಲ್ಲಿ ಪುಲ್ಲಿಂಗ, ಸ್ತ್ರೀಲಿಂಗಗಳು ಒಂದಾಗಿ ಬೆರೆತಿರುವುದಷ್ಟೇ ವ್ಯತ್ಯಾಸ.

ನನ್ನನ್ನು ಬಹಳ ಹೊತ್ತು ಹಿಡಿದಿಟ್ಟದ್ದು ಪದದ ಮೂಲ. ಇದು ‘ವಿರಳ’ ಎಂಬರ್ಥದ ಲ್ಯಾಟಿನ್ ‘ರಾರುಸ್’ನಿಂದ ಬಂದದ್ದು. ಅದೇ ಜಾಲತಾಣದಲ್ಲಿ, 1918ರಿಂದ 1956ರವರೆಗೆ 28 ಸಂಪುಟಗಳಲ್ಲಿ ಬಂದ ಹಳೆಯ ಮಹಾನಿಘಂಟೂ ಇರುವುದರಿಂದ, ವಿರಳವಾದದ್ದು ಬೆಲೆಯುಳ್ಳದ್ದಾಗಿ, ಬೆಲೆಯುಳ್ಳದ್ದು ಹಿತವಾದದ್ದಾಗಿ, ಕೊನೆಗೆ ಮನುಷ್ಯರ ಸಜ್ಜನಿಕೆಗೆ ಹೆಸರಾದ ದಾರಿಯನ್ನು ಓದುಗನು ತಾನೇ ಊಹಿಸಿಕೊಳ್ಳಬಹುದು. ‘ಅಪರೂಪದ ಮನುಷ್ಯ’ ಎಂದು ಮೆಚ್ಚಿ ನುಡಿಯುವ ನಮಗೆ ಈ ದಾರಿ ಪರಿಚಿತವೇ. ನೆರೆಯ ನಾರ್ವೆಯಲ್ಲಿ ಮಾತ್ರ ಇದೇ ಪದ ‘ವಿಚಿತ್ರ’ ಎಂಬ ಅರ್ಥಕ್ಕೆ ಹೊರಳಿದೆ. ಆದ್ದರಿಂದ ಅಲ್ಲಿಯವರನ್ನು ಮೆಚ್ಚುವಾಗ ಎಚ್ಚರ ಬೇಕು.

ಉಚ್ಚಾರಣೆಯ ಧ್ವನಿಮುದ್ರಣವನ್ನು ಕೇಳದೆ ಬರಹವನ್ನಷ್ಟೇ ನಂಬಬಾರದು. ಮೊದಲ ರಕಾರ ಗಂಟಲಿನಿಂದ ಬರುತ್ತದೆ, ಕೊನೆಯದು ಸ್ವರದಲ್ಲಿಯೇ ಕರಗಿಹೋಗುತ್ತದೆ. ನಾನು ಇಷ್ಟು ದಿನ ಎರಡನ್ನೂ ಕನ್ನಡದಂತೆ ಒತ್ತಿ ಹೇಳುತ್ತಿದ್ದೆ. ವಿವರಣೆಗಳೆಲ್ಲ ಡ್ಯಾನಿಶ್ಶಿನಲ್ಲಿಯೇ ಇರುವುದರಿಂದ ಹೊಸದಾಗಿ ಕಲಿಯುವವರು ದ್ವಿಭಾಷಾ ನಿಘಂಟೊಂದನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. ಆ ಶ್ರಮಕ್ಕೆ ಸಿದ್ಧರಿರುವವರಿಗೆ ಇದನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ.