ತುಲೂಸ್‌ನಲ್ಲಿ ಏಳು ತಿಂಗಳ ಬಸುರಿಯ ಫ್ರೆಂಚ್ ಊಟ

ಬಸುರಿಯಾಗಿದ್ದಾಗ ಫ್ರೆಂಚ್ ರೆಸ್ಟೋರೆಂಟಿನಲ್ಲಿ ನೆಮ್ಮದಿಯಾಗಿ ಊಟ ಮಾಡಬಹುದಾ? ಮಾಡಬಹುದು. ಆದರೆ ಬಡಿಸುವವರಿಗೆ ಅಕ್ಕರೆ ಇರಬೇಕು. ಫ್ರಾನ್ಸಿನ ತುಲೂಸ್ ಊರಿನ ಸೇಂತ್ ಎತಿಯೆನ್ ಕಥೀಡ್ರಲ್ ಹತ್ತಿರದ ಗಲ್ಲಿಯಲ್ಲಿರುವ ಈ ಪುಟ್ಟ ಜಾಗದಲ್ಲಿ ಅಂಥವರು ಇದ್ದಾರೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮ್ಮವರಿಗೆ ಇಲ್ಲಿ ವಿಮಾನದ ಕಂಪನಿಯಲ್ಲಿ ಕೆಲಸ. ನನಗೀಗ ಏಳು ತಿಂಗಳು. ಬಯಕೆ ಊಟಕ್ಕೆ ಮಂಡ್ಯಕ್ಕೆ ಹೋಗುವ ಆಸೆ ಇತ್ತು, ಅಷ್ಟು ದೂರದ ಪ್ರಯಾಣ ಈಗ ಬೇಡ ಅಂದರು ಡಾಕ್ಟರ್. ಮಗು ಬಂದ ಮೇಲೆ ಇಬ್ಬರೇ ಕೂತು ಉಣ್ಣೋದು ಇನ್ನು ಯಾವ ಕಾಲಕ್ಕೋ ಅಂತ ಇವರೇ ಟೇಬಲ್ ಬುಕ್ ಮಾಡಿದರು. ಫೋನಿನಲ್ಲಿ ಅಮ್ಮ ಹೇಳಿದ್ದು ಎರಡೇ ಮಾತು: "ಹಸ್ಕೊಂಡು ಕೂರಬೇಡ ಕಣವ್ವ. ಬೇಯದೇ ಇರೋದನ್ನ ಬಾಯಿಗೆ ಇಡಬೇಡ."

ಆ ಎರಡನೇ ಮಾತನ್ನು ಇಲ್ಲಿನ ಡಾಕ್ಟರೂ ಹೇಳುತ್ತಾರೆ. ಫ್ರಾನ್ಸಿನಲ್ಲಿ ಗರ್ಭಿಣಿಯರಿಗೆ ಟಾಕ್ಸೋಪ್ಲಾಸ್ಮೋಸಿಸ್ ಅನ್ನೋ, ಹೊಟ್ಟೆಯ ಮಗುವಿಗೂ ತಗುಲಬಹುದಾದ ಸೋಂಕಿನ ಪರೀಕ್ಷೆ ಮಾಡುತ್ತಾರೆ. ಅದು ಹಿಂದೆ ಬಂದು ಹೋಗಿರದಿದ್ದರೆ ಪ್ರತಿ ತಿಂಗಳೂ ರಕ್ತ ಕೊಡಬೇಕು. ನನ್ನದು ಹಾಗೇ. ಸರಿಯಾಗಿ ಬೇಯದ ಮಾಂಸದಿಂದ, ಮಣ್ಣು ಹೋಗುವ ಹಾಗೆ ತೊಳೆಯದ ಸೊಪ್ಪಿನಿಂದ ಅದು ಬರಬಹುದು. ಇದರ ಜೊತೆ ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾದ ಭಯ ಬೇರೆ. ಹಾಗಾಗಿ ಹಸಿ ಹಾಲಿನ ಮೆತ್ತನೆ ಚೀಸ್, ಪಾತೆ (ಅರೆದ ಮಾಂಸದ ತಿನಿಸು), ಒಣಗಿಸಿದ ಸಾಸೇಜ್ ಯಾವುದೂ ಬೇಡ. ಈ ಸೀಮೆಯ ಹೆಸರುವಾಸಿ ತಿನಿಸುಗಳನ್ನು ನೋಡಿ: ಅರೆಬೆಂದ ಫ್ವಾ ಗ್ರಾ (ಕೊಬ್ಬಿಸಿದ ಬಾತುಕೋಳಿಯ ಲಿವರ್), ಒಳಗೆ ಕೆಂಪಗೇ ಇರುವ ಬಾತುಕೋಳಿ ಎದೆಮಾಂಸ, ಆಡಿನ ಹಸಿ ಹಾಲಿನ ರೊಕಾಮದೂರ್ ಚೀಸ್, ಕುರಿಯ ಹಸಿ ಹಾಲಿನ ಚೀಸ್ ರೋಕ್‌ಫೋರ್. ಬಸುರಿಗೆ ಇನ್ನೇನು ಉಳಿಯಿತು ಅನ್ನಿಸುತ್ತೆ ಅಲ್ವಾ?

ಇಲ್ಲಿ ಕೈಗೆ ಮೆನು ಕಾರ್ಡ್ ಕೊಡುವುದಿಲ್ಲ. ಸೀಮೆಸುಣ್ಣದಲ್ಲಿ ಬರೆದ ದೊಡ್ಡ ಕಪ್ಪು ಹಲಗೆಯನ್ನು ತಂದು ನಮ್ಮ ಪಕ್ಕದ ಕುರ್ಚಿಯ ಮೇಲೆ ನಿಲ್ಲಿಸಿದರು. ನನ್ನ ಹೊಟ್ಟೆ ನೋಡಿ ಮಾಲಕಿ ತಾವೇ ಬಂದರು. ಅರವತ್ತು ದಾಟಿರಬಹುದು. ಒಂದೇ ಪ್ರಶ್ನೆ ಕೇಳಿದರು, ಟಾಕ್ಸೋ ಆಗಿದೆಯಾ ಇಲ್ಲವಾ ಅಂತ. ಇಲ್ಲ ಅಂದೆ. ಹಲಗೆಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಇಳಿಯುತ್ತಾ ಬಂದರು. ಇದು ಬೇಡ, ಇದೂ ಬೇಡ, ಇದು ಆಗುತ್ತೆ, ಇದನ್ನು ಅಡುಗೆಮನೆಯಲ್ಲಿ ಕೇಳಿ ಬರುತ್ತೇನೆ. ಬೆರಳ ತುದಿಗೆಲ್ಲ ಸುಣ್ಣ. ಕೇಳಿಕೊಂಡು ಬಂದು, ಸೇಬಿನ ಕ್ರುಸ್ತಾದ್ ಅನ್ನೋ ಸಿಹಿ ಪೇಸ್ಟ್ರಿಗೆ ಆರ್ಮನ್ಯಾಕ್ ಬ್ರಾಂಡಿ ಹಾಕಿದ್ದಾರೆ, ಅದನ್ನೂ ಬಿಡಿ ಅಂದರು. ಮುಖದಲ್ಲಿ ಒಂಚೂರೂ ಬೇಸರ ಇಲ್ಲ. ಪಕ್ಕದ ಟೇಬಲ್‌ನವರಿಗೆ ಕೇಳುವ ಹಾಗೆ ಜೋರಾಗಿ ಮಾತಾಡಲೂ ಇಲ್ಲ. ನನಗೆ ತುಂಬಾ ಹಿಡಿಸಿದ್ದು ಇದು.

ಮೊದಲು ಬಂದದ್ದು ಕುಂಬಳಕಾಯಿ ಸೂಪ್, ಮೇಲೆ ಚೆಸ್ಟ್‌ನಟ್ ಚೂರು. ಚೆನ್ನಾಗಿತ್ತು, ಸ್ವಲ್ಪ ಉಪ್ಪು ಕಮ್ಮಿ.

ಆಮೇಲೆ ಬಾತುಕೋಳಿ ಕೊಂಫಿ. ತೊಡೆಯ ತುಂಡಿಗೆ ಉಪ್ಪು ಸವರಿಟ್ಟು, ಬಾತುಕೋಳಿಯದೇ ಕೊಬ್ಬಿನಲ್ಲಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಅಡುಗೆ ಇದು. ಹಿಂದಿನವರು ಮಾಂಸ ಕೆಡದಿರಲಿ ಅಂತ ಹೀಗೆ ಮಾಡಿ, ಅದೇ ಕೊಬ್ಬಿನಲ್ಲಿ ಮುಳುಗಿಸಿ ಇಡುತ್ತಿದ್ದರು. ಪೂರ್ತಿ ಬೆಂದಿರುವುದರಿಂದ ನನಗೆ ಭಯವಿಲ್ಲ. ಬಡಿಸುವ ಮುಂಚೆ ಚರ್ಮವನ್ನು ಬಿಸಿ ಮಾಡಿ ಹಪ್ಪಳದ ಹಾಗೆ ಕರಕರ ಅನ್ನಿಸಿದ್ದರು. ಫೋರ್ಕ್ ತಗುಲಿಸಿದರೆ ಸಾಕು, ಮಾಂಸ ಮೂಳೆಯಿಂದ ಬಿಟ್ಟುಕೊಂಡು ಬಂತು. ಮೂಳೆ ಬಿಡುವ ತನಕ ಬೇಯಿಸುವ ಮನೆಯಲ್ಲಿ ಬೆಳೆದವಳು ನಾನು. ಈ ದೇಶಕ್ಕೆ ಬಂದ ಮೇಲೆ ತಿಂದ ಮಾಂಸದಲ್ಲಿ ಇದೇ ನನಗೆ ಹತ್ತಿರದ್ದು. ಜೊತೆಗೆ ಬೆಳ್ಳುಳ್ಳಿ ಹಾಕಿ ಬಾತುಕೋಳಿ ಕೊಬ್ಬಿನಲ್ಲಿ ಹುರಿದ ಆಲೂಗಡ್ಡೆ. ಹಸಿ ಸೊಪ್ಪನ್ನು ನಾನು ಹೇಳುವ ಮೊದಲೇ ತಟ್ಟೆಯಿಂದ ಬಿಟ್ಟು, ಬೆಂದ ಬೀನ್ಸ್ ಇಟ್ಟಿದ್ದರು. ಇವರು ಎದೆಮಾಂಸ ತರಿಸಿದರು, ಒಳಗೆ ಗುಲಾಬಿ ಬಣ್ಣ. ಅದರ ಆಸೆ ನನಗೆ ಆಗಲಿಲ್ಲ.

ಇವರಿಗೆ ತುಲೂಸ್ ಪಕ್ಕದ ಫ್ರೊಂತೋನ್ ವೈನ್, ಒಂದೇ ಗ್ಲಾಸ್. ಬಾಟಲಿಯ ಹಿಂದುಗಡೆ ಗರ್ಭಿಣಿಯ ಚಿಕ್ಕ ಚಿತ್ರ, ಅದರ ಮೇಲೆ ಅಡ್ಡಗೆರೆ. 2007ರಿಂದ ಫ್ರಾನ್ಸಿನಲ್ಲಿ ಮದ್ಯದ ಬಾಟಲಿಗಳ ಮೇಲೆ ಈ ಎಚ್ಚರಿಕೆ ಇರಲೇಬೇಕು. ನನಗೆ ಮ್ವಸಾಕ್ ಊರಿನ ಶಾಸೆಲಾ ದ್ರಾಕ್ಷಿಯ ರಸ ತಂದರು. ಅದನ್ನೂ ಕಾಲಿರುವ ವೈನ್ ಗ್ಲಾಸಿನಲ್ಲೇ ಕೊಟ್ಟರು. ಇವರಿಗೆ ಸುರಿದ ಹಾಗೇ ಮೊದಲು ಒಂದು ಗುಟುಕು ಸುರಿದು, ರುಚಿ ನೋಡಿ ಅಂತ ಕಾದು ನಿಂತರು. ಜ್ಯೂಸ್ ಕುಡಿಯುವವಳಿಗೂ ಅಷ್ಟೇ ಮರ್ಯಾದೆ. ಇಬ್ಬರೂ ಗ್ಲಾಸ್ ತಾಗಿಸಿದೆವು. ಅಷ್ಟರಲ್ಲಿ ಮಗು ಒದೆಯಿತು. ಇವರ ಕೈ ಹಿಡಿದು ಹೊಟ್ಟೆಯ ಮೇಲಿಟ್ಟೆ. ಸ್ವಲ್ಪ ಹೊತ್ತು ತಟ್ಟೆಯ ಕಡೆ ಇಬ್ಬರೂ ನೋಡಲಿಲ್ಲ.

ಸಿಹಿಗೆ ಕ್ರೆಮ್ ಬ್ರೂಲೆ (ಮೇಲೆ ಸುಟ್ಟ ಸಕ್ಕರೆಯ ಪದರ ಇರುವ ಕಸ್ಟರ್ಡ್), ಇಲ್ಲಿನ ವಯಲೆಟ್ ಹೂವಿನ ಘಮ ಹಾಕಿದ್ದು. ಚಾಕೊಲೇಟ್ ಮೂಸ್‌ನಲ್ಲಿ ಹಸಿ ಮೊಟ್ಟೆ ಇರುತ್ತೆ ಅಂತ ಅದನ್ನು ಬಿಟ್ಟೆ. ಕ್ರೆಮ್ ಬ್ರೂಲೆಯಲ್ಲಿ ಹೂವಿನ ವಾಸನೆ ಸ್ವಲ್ಪ ಜಾಸ್ತಿಯೇ ಆಯಿತು, ಮೇಲಿನ ಸಕ್ಕರೆ ಪದರ ಮಾತ್ರ ಸೊಗಸಾಗಿತ್ತು.

ಸರಿಯಿಲ್ಲದ್ದನ್ನೂ ಹೇಳಬೇಕು. ಟಾಯ್ಲೆಟ್ ನೆಲಮಾಳಿಗೆಯಲ್ಲಿದೆ. ಸುತ್ತು ಮೆಟ್ಟಿಲು, ಕಿರಿದು, ದೀಪ ಮಂಕು, ಹಿಡಿದುಕೊಳ್ಳಲು ಒಂದೇ ಕಡೆ ಕಂಬಿ. ಏಳು ತಿಂಗಳಲ್ಲಿ ಗಂಟೆಗೊಂದು ಸಲ ಹೋಗಲೇಬೇಕು. ಪ್ರತಿ ಸಲವೂ ಇವರು ಮುಂದೆ ಇಳಿದು ನಾನು ಹಿಂದೆ ಇಳಿಯಬೇಕಾಯಿತು. ಅಲ್ಲೊಂದು ಒಳ್ಳೆಯ ಬಲ್ಬ್ ಹಾಕಿಸಲು ಎಷ್ಟು ಖರ್ಚಾಗುತ್ತೆ? ಇದು ನನಗೆ ನಿಜಕ್ಕೂ ಕೋಪ ತರಿಸಿತು. ಇನ್ನೊಂದು, ಕಾಯಿಸುತ್ತಾರೆ. ಏಳೂವರೆಗೆ ಕೂತವರಿಗೆ ಮುಖ್ಯ ಊಟ ಬಂದಾಗ ಒಂಬತ್ತು. ಬ್ರೆಡ್ ಬುಟ್ಟಿಯನ್ನು ಕೇಳದೆಯೇ ಎರಡನೇ ಸಲ ತುಂಬಿದರು, ಸರಿ. ಆದರೂ ಹೊಟ್ಟೆಯಲ್ಲಿ ಮಗು ಇರುವವಳಿಗೆ ಅದು ದೊಡ್ಡ ಕಾಯುವಿಕೆ. ಹೊರಗಿನ ಟೇಬಲ್ ಬೇಡವೇ ಬೇಡ. ರೆಸ್ಟೋರೆಂಟ್ ಒಳಗೆ ಸಿಗರೇಟ್ 2008ರಿಂದ ನಿಷೇಧ, ಹೊರಗೆ ಕೂತವರು ಸೇದುತ್ತಲೇ ಇರುತ್ತಾರೆ.

ಮೂರು ಬಗೆಯ ಊಟಕ್ಕೆ ತಲೆಗೆ 39 ಯೂರೋ. ಸರ್ವಿಸ್ ಅದರಲ್ಲೇ ಸೇರಿದೆ, ಜಗ್ಗಿನ ನೀರಿಗೆ ದುಡ್ಡಿಲ್ಲ. ನಮಗೆ ಇದು ತಿಂಗಳ ಖರ್ಚಲ್ಲ, ವಿಶೇಷ ದಿನದ ಖರ್ಚು.

ಬುಕ್ ಮಾಡುವಾಗಲೇ "ಜ ಸ್ವಿ ಆಂಸ್ಯಾಂತ್", ಬಸುರಿ ಅಂತ ಹೇಳಿಬಿಡಿ. ಅಡುಗೆಯವರಿಗೆ ಯೋಚಿಸಲು ಸಮಯ ಸಿಗುತ್ತೆ. ಗೋಡೆಯ ಬದಿಯ ಸೋಫಾ ಸೀಟು ಕೇಳಿ, ಬೆನ್ನಿಗೆ ಆಸರೆ ಇರುತ್ತೆ. ಮನೆ ಬಿಡುವ ಮುಂಚೆ ಒಂದು ಬಾಳೆಹಣ್ಣು ತಿಂದು ಹೊರಡಿ.