ಎಂಜಿಬಿಯ ಜೋಡಿ ಎಸ್‌ಯು ಕಾರ್ಬ್ಯುರೇಟರ್: ಹತ್ತು ವರ್ಷ ಓಡಿಸಿದ ಮೇಲೆ

ನನ್ನದು 1970ರ ಎಂಜಿಬಿ ಜಿಟಿ, ಬ್ರಿಟಿಷ್ ಸ್ಪೋರ್ಟ್ಸ್ ಕಾರು. ನಾನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಈ ಕಾರು ತಯಾರಾದ ಅಬಿಂಗ್ಡನ್ ಇಲ್ಲಿಂದ ಒಂದು ಗಂಟೆಯ ದಾರಿಯೂ ಅಲ್ಲ. 2015ರಲ್ಲಿ ಕೊಂಡೆ, ಇಲ್ಲಿಯವರೆಗೆ 28 ಸಾವಿರ ಮೈಲಿ ಓಡಿಸಿದ್ದೇನೆ. 1798 ಸಿಸಿ ಎಂಜಿನ್, ಅದರ ಪಕ್ಕದಲ್ಲಿ ಎಸ್‌ಯು ಕಂಪನಿಯ ಎರಡು ಎಚ್‌ಎಸ್4 ಕಾರ್ಬ್, ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬ್ಯುರೇಟರ್. ನಾನು ಬರೆಯುತ್ತಿರುವುದು ಆ ಎರಡು ಕಾರ್ಬ್ ಬಗ್ಗೆ ಮಾತ್ರ. ಯಾಕೆಂದರೆ ಇಂಥ ಕಾರು ತಗೊಂಡವರಿಗೆಲ್ಲ ಮೊದಲು ಸಿಗುವ ಬುದ್ಧಿಮಾತು ಒಂದೇ: "ಅದನ್ನು ಕಿತ್ತು ಬಿಸಾಕಿ, ಒಂದೇ ಒಂದು ವೆಬರ್ ಕಂಪನಿ ಕಾರ್ಬ್ ಹಾಕಿಸಿ, ನೆಮ್ಮದಿಯಾಗಿರಿ."

ನಾನು ಕಿತ್ತು ಹಾಕಲಿಲ್ಲ. ಅದಕ್ಕೆ ಕಾರಣ ಶಿವಮೊಗ್ಗದ ನನ್ನ ಸೋದರಮಾವ. ಅವರ ಹಳೇ ಅಂಬಾಸಿಡರ್‌ನಲ್ಲೂ ಎಸ್‌ಯು ಕಾರ್ಬ್ ಇತ್ತು, ಒಂದೇ. ಭಾನುವಾರ ಬೆಳಿಗ್ಗೆ ಅವರು ಬಾನೆಟ್ ಎತ್ತಿದರೆ ಟಾರ್ಚ್ ಹಿಡಿಯುವ ಕೆಲಸ ನನಗೆ. ಅಂಬಾಸಿಡರ್‌ನ 1489 ಸಿಸಿ ಎಂಜಿನ್ನೂ ಎಂಜಿಬಿ ಎಂಜಿನ್ನೂ ಒಂದೇ ಮನೆತನದವು, ಎರಡೂ ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್ನಿನ (ಬಿಎಂಸಿ) ಬಿ ಸೀರೀಸ್. ಹಾಗಾಗಿ ಮೊದಲ ಸಲ ಬಾನೆಟ್ ಎತ್ತಿದಾಗ ಯಾರೋ ಗೊತ್ತಿರುವವರ ಮುಖ ನೋಡಿದ ಹಾಗಾಯಿತು. ಅವತ್ತೇ ಫೋನ್ ಮಾಡಿದೆ. "ಮಾವ, ನಿಮ್ಮ ಗಾಡೀದೇ ಕಾರ್ಬು, ಇದರಲ್ಲಿ ಎರಡಿದೆ." ಅವರು ನಕ್ಕು, "ಎರಡಿದ್ರೆ ಜಗಳಾನೂ ಇರುತ್ತೆ ಕಣೋ. ಗಾಡಿ ಕೆಮ್ಮಿದ್ರೆ ಮೊದಲು ಪಾಯಿಂಟ್ ನೋಡು, ಕಾರ್ಬಿಗೆ ಆಮೇಲೆ ಕೈ ಹಾಕು" ಅಂದರು. ಪಾಯಿಂಟ್ ಅಂದರೆ ಡಿಸ್ಟ್ರಿಬ್ಯೂಟರ್ ಒಳಗಿದ್ದು ಪ್ಲಗ್‌ಗೆ ಕಿಡಿ ಕೊಡಿಸುವ ಸ್ವಿಚ್.

ನಾನು ಕೇಳಲಿಲ್ಲ, ಅನುಭವಿಸಿದೆ. 2016ರ ಬೇಸಿಗೆಯಲ್ಲಿ ಗಾಡಿ 3000 ಆರ್‌ಪಿಎಂ ದಾಟಿದ ತಕ್ಷಣ ಮಿಸ್ಸಿಂಗ್ ಶುರುವಾಯಿತು. ಸೈಲೆನ್ಸರ್‌ನಲ್ಲಿ ಪಟಾಕಿ ಬೇರೆ. ಕಾರ್ಬೇ ಕೆಟ್ಟಿದೆ ಅಂತ ನಿರ್ಧಾರ ಮಾಡಿ ಎರಡು ವಾರಾಂತ್ಯ ಅದರ ಮೇಲೇ ಬಿದ್ದೆ, ನಟ್ಟು ಮೇಲೆ ಮಾಡಿದೆ, ಕೆಳಗೆ ಮಾಡಿದೆ, ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ಬಿಚ್ಚಿದೆ, ಕೊನೆಗೆ ಗಾಡಿ ಐಡ್ಲಿಂಗ್‌ನಲ್ಲೂ ನಿಲ್ಲದ ಸ್ಥಿತಿಗೆ ತಂದು ನಿಲ್ಲಿಸಿದೆ. ಡಿಸ್ಟ್ರಿಬ್ಯೂಟರ್ ಒಳಗಿನ ಕಂಡೆನ್ಸರ್ (ಇದೂ ಕಿಡಿಗೆ ಸಂಬಂಧಿಸಿದ್ದೇ, ಕಾರ್ಬ್‌ಗಲ್ಲ) ಹೋಗಿತ್ತು, ಅಷ್ಟೇ. ಆರು ಪೌಂಡ್ ಬೆಲೆಯ ವಸ್ತು. ಅದನ್ನು ಬದಲಿಸಲು ಹದಿನೈದು ನಿಮಿಷ. ನಾನು ಕೆಡಿಸಿದ ಕಾರ್ಬ್ ಸರಿಮಾಡಲು ಇನ್ನೊಂದು ವಾರಾಂತ್ಯ!

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಅದರಲ್ಲಿ "ಕಾರ್ಬ್ ತೊಂದರೆ?" ಅಂತ ಪ್ರಶ್ನೆ ಹಾಕಿ ಬರೆದುಕೊಂಡದ್ದು ಹನ್ನೊಂದು ಸಲ. ನಿಜವಾಗಿ ಕಾರ್ಬ್‌ನದ್ದೇ ಆಗಿದ್ದು ಮೂರು ಸಲ. ಉಳಿದವು ಪಾಯಿಂಟ್, ಪ್ಲಗ್, ಟ್ಯಾಪೆಟ್ (ವಾಲ್ವ್‌ನ ಸಂದಿ), ಒಂದು ಸಲ ಒಡೆದ ರಬ್ಬರ್ ಪೈಪು. ಈಗ ನನ್ನ ಕ್ರಮ ಹೀಗೆ: ಮೊದಲು ಟ್ಯಾಪೆಟ್, ಆಮೇಲೆ ಪಾಯಿಂಟ್ ಗ್ಯಾಪ್ (ನನ್ನ ಗಾಡಿಗೆ 15 ಥೌ, ಅಂದರೆ 0.38 ಮಿಮೀ), ಆಮೇಲೆ ಟೈಮಿಂಗ್, ಅಂದರೆ ಕಿಡಿ ಹಾರುವ ಸಮಯ. ಕಾರ್ಬ್ ಕೊನೆಗೆ.

ಆ ಮೂರರಲ್ಲಿ ಒಂದು ಕಥೆ ಹೇಳಲೇಬೇಕು. ಕಾರು ಕೊಂಡ ಹೊಸದರಲ್ಲಿ ಇಲ್ಲೇ ಒಂದು ಗ್ಯಾರೇಜಿಗೆ ಟ್ಯೂನಿಂಗ್‌ಗೆ ಕೊಟ್ಟಿದ್ದೆ. ಚೆನ್ನಾಗಿ ತೊಳೆದು ಫಳಫಳ ಪಾಲಿಶ್ ಮಾಡಿ ಕೊಟ್ಟರು, ಬಿಲ್ಲೂ ಹಾಗೇ ಇತ್ತು. ಆದರೆ ಗಾಡಿ ಒಂದು ದಿನ ಸರಿ, ಒಂದು ದಿನ ಎಳೆಯುವುದೇ ಇಲ್ಲ. ಎಸ್‌ಯುನಲ್ಲಿ ಮೇಲೆ ಗಂಟೆಯ ಹಾಗೆ ಕಾಣುವ ಡ್ಯಾಶ್‌ಪಾಟ್, ಅದರೊಳಗೆ ಏರಿ ಇಳಿಯುವ ಪಿಸ್ಟನ್, ಪಿಸ್ಟನ್ ಬುಡದಲ್ಲಿ ಸೂಜಿ. ಎಂಜಿನ್ ಜಾಸ್ತಿ ಗಾಳಿ ಎಳೆದಷ್ಟೂ ಪಿಸ್ಟನ್ ಮೇಲೇರುತ್ತದೆ, ಚೂಪಾದ ಸೂಜಿ ಜೆಟ್‌ನಿಂದ (ಪೆಟ್ರೋಲ್ ಬರುವ ತೂತು) ಮೇಲೆ ಬಂದಷ್ಟೂ ಪೆಟ್ರೋಲ್ ಜಾಸ್ತಿ. ಇಷ್ಟೇ ಅದರ ವಿದ್ಯೆ. ಹೀಗಿರುವಾಗ ಪಿಸ್ಟನ್ ಸಲೀಸಾಗಿ ಆಡಲೇಬೇಕು. ಎತ್ತಿ ಬಿಟ್ಟರೆ ಟಕ್ ಅಂತ ಬೀಳಬೇಕು. ನನ್ನದು ಅರ್ಧದಲ್ಲಿ ನಿಲ್ಲುತ್ತಿತ್ತು. ಬಿಚ್ಚಿ ನೋಡಿದರೆ ತೊಳೆಯುವಾಗ ಮುಂದಿನ ಡ್ಯಾಶ್‌ಪಾಟ್ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹೋಗಿದೆ! ಪಿಸ್ಟನ್ನೂ ಡ್ಯಾಶ್‌ಪಾಟೂ ಜೋಡಿ, ಅದಲುಬದಲು ಮಾಡುವ ಹಾಗಿಲ್ಲ. ವಾಪಸ್ ಬದಲಿಸಿದೆ, ಟಕ್ ಅಂತ ಬಿತ್ತು.

ಎರಡನೆಯದು ಸವೆತ. ಥ್ರಾಟಲ್ ಸ್ಪಿಂಡಲ್ (ಗಾಳಿಯ ದಾರಿ ತೆರೆದು ಮುಚ್ಚುವ ತಟ್ಟೆಯ ಅಚ್ಚು) ಸವೆದು, ಅದರ ಸಂದಿಯಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತಿತ್ತು. ಎಷ್ಟು ಟ್ಯೂನ್ ಮಾಡಿದರೂ ಮಾರನೇ ದಿನ ಮತ್ತೆ ಅದೇ ಗೋಳು. ಸ್ಪಿಂಡಲ್ ತುದಿ ಹಿಡಿದು ಅಲ್ಲಾಡಿಸಿದರೇ ಗೊತ್ತಾಗುತ್ತದೆ. ಎರಡಕ್ಕೂ ಹೊಸ ಬುಷ್, ಹೊಸ ಸ್ಪಿಂಡಲ್ ಹಾಕಿಸಲು 280 ಪೌಂಡ್ ಆಯಿತು. ಈ ಹತ್ತು ವರ್ಷದಲ್ಲಿ ಕಾರ್ಬ್‌ಗೆ ಮಾಡಿದ ದೊಡ್ಡ ಖರ್ಚು ಅದೊಂದೇ. ಮೂರನೆಯದು ಫ್ಲೋಟ್ ಸೂಜಿಯ ಕೆಳಗೆ ಸಿಕ್ಕಿಕೊಂಡ ಒಂದು ಕಸ. ಪೆಟ್ರೋಲ್ ಉಕ್ಕಿ ಗ್ಯಾರೇಜ್ ತುಂಬ ವಾಸನೆ, ಮನೆಯವಳಿಂದ ಮಂಗಳಾರತಿ.

ಈಗ ಎಲ್ಲರೂ ಹೆದರುವ ವಿಷಯ, ಎರಡನ್ನೂ ಸಮ ಮಾಡುವುದು. ಮುಂದಿನ ಕಾರ್ಬ್ 1 ಮತ್ತು 2ನೇ ಸಿಲಿಂಡರ್‌ಗೆ, ಹಿಂದಿನದು 3 ಮತ್ತು 4ಕ್ಕೆ. ಒಂದು ಜಾಸ್ತಿ ಗಾಳಿ ಎಳೆದರೆ ಇನ್ನೊಂದು ಸೋಮಾರಿ. ಮೊದಮೊದಲು ನಾನು ಮಾಡಿದ ತಪ್ಪು, ಎರಡನ್ನೂ ಜೋಡಿಸುವ ಸರಳಿನ ಕ್ಲಾಂಪ್ ಸಡಿಲಿಸದೇ ಸ್ಕ್ರೂ ತಿರುಗಿಸಿದ್ದು. ಹಾಗೆ ಮಾಡಿದರೆ ಒಂದನ್ನು ತಿರುಗಿಸಿದಾಗ ಎರಡೂ ಅಲ್ಲಾಡುತ್ತವೆ, ದಿನವಿಡೀ ಸುಮ್ನೆ ತಿರುಗಿಸುತ್ತಾ ಕೂರಬೇಕು. ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಏರ್ ಫಿಲ್ಟರ್ ತೆಗೆಯಿರಿ, ಕ್ಲಾಂಪ್ ಸಡಿಲಿಸಿ. ಆಮೇಲೆ ಒಂದು ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬ್ ಬಾಯಿಗೆ. ಬುಸ್ ಅನ್ನುವ ಸದ್ದು ಎರಡರಲ್ಲೂ ಒಂದೇ ಥರ ಬರುವವರೆಗೆ ಐಡ್ಲಿಂಗ್ ಸ್ಕ್ರೂ ತಿರುಗಿಸಿ. ಗಾಳಿ ಅಳೆಯುವ ಮೀಟರ್ ಕೂಡ ತಗೊಂಡೆ. ಒಳ್ಳೇದೇ, ಆದರೆ ಕಿವಿ ಪಳಗಿದ ಮೇಲೆ ಅದು ಡಬ್ಬಿಯಲ್ಲೇ ಇದೆ.

ಮಿಶ್ರಣಕ್ಕೆ ಕೆಳಗಿರುವ ಜೆಟ್ ನಟ್ಟು. ಪೂರ್ತಿ ಮೇಲೆ ತಿರುಗಿಸಿ, ಅಲ್ಲಿಂದ ಎರಡು ಸುತ್ತು ಕೆಳಗೆ, ಇದು ಆರಂಭದ ಜಾಗ. ಕೆಳಗೆ ಹೋದಷ್ಟೂ ಪೆಟ್ರೋಲ್ ಜಾಸ್ತಿ. ನಟ್ಟಿಗೆ ಆರು ಮುಖ, ಒಂದು ಸಲಕ್ಕೆ ಒಂದೇ ಮುಖದಷ್ಟು ತಿರುಗಿಸಬೇಕು. ಪಕ್ಕದಲ್ಲಿರುವ ಪುಟ್ಟ ಪಿನ್ನಿನಿಂದ ಪಿಸ್ಟನ್ನನ್ನು ಒಂದು ಮಿಮೀಗಿಂತಲೂ ಕಮ್ಮಿ ಎತ್ತಿ ನೋಡಿ. ಎಂಜಿನ್ ವೇಗ ಏರಿ ಅಲ್ಲೇ ನಿಂತರೆ ಪೆಟ್ರೋಲ್ ಜಾಸ್ತಿ. ಸಾಯಲು ಹೊರಟರೆ ಕಮ್ಮಿ. ಒಂದು ಕ್ಷಣ ಸ್ವಲ್ಪ ಏರಿ ಮತ್ತೆ ಮೊದಲಿನ ಹಾಗೆ ಕೂತರೆ ಸರಿ ಇದೆ, ಕೈ ತೆಗೆಯಿರಿ. ಕೈ ತೆಗೆಯುವುದೇ ಕಷ್ಟ ಅಲ್ವಾ! ಮಿಶ್ರಣ ಸರಿಯಾದ ಮೇಲೆ ಸದ್ದು ಇನ್ನೊಮ್ಮೆ ಕೇಳಿ, ಕ್ಲಾಂಪ್ ಬಿಗಿ ಮಾಡಿ, 1500 ಆರ್‌ಪಿಎಂನಲ್ಲಿ ಮತ್ತೊಮ್ಮೆ ಕೇಳಿ. ಐಡ್ಲಿಂಗ್‌ನಲ್ಲಿ ಸಮ ಇದ್ದು ಆಕ್ಸಿಲರೇಟರ್ ಒತ್ತಿದಾಗ ಒಂದು ಮೊದಲೇ ತೆರೆದುಕೊಂಡರೆ ಏನು ಪ್ರಯೋಜನ?

ಇನ್ನು ಡ್ಯಾಶ್‌ಪಾಟ್‌ಗೆ 20 ಗ್ರೇಡಿನ ಎಣ್ಣೆ. ಖಾಲಿಯಾದರೆ ಆಕ್ಸಿಲರೇಟರ್ ಒತ್ತಿದಾಗ ಗಾಡಿ ಮುಗ್ಗರಿಸುತ್ತದೆ, ನಾನು ತಿಂಗಳಿಗೊಮ್ಮೆ ನೋಡುತ್ತೇನೆ. 2021ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಮಾಮೂಲಿ ಪೆಟ್ರೋಲ್ ಇ10, ಅಂದರೆ ನೂರಕ್ಕೆ ಹತ್ತರವರೆಗೆ ಎಥನಾಲ್ ಬೆರೆಸಿದ್ದು, ಆಯಿತು. ಹಳೇ ರಬ್ಬರ್‌ಗೆ ಎಥನಾಲ್ ಆಗಿಬರುವುದಿಲ್ಲ. ಪೈಪುಗಳನ್ನೆಲ್ಲ ಬದಲಿಸಿ, ಈಗ ದುಬಾರಿಯಾದರೂ ಇ5 ಹಾಕಿಸುತ್ತೇನೆ. ಊರಲ್ಲಿ ಹಳೇ ಗಾಡಿ ಇಟ್ಟುಕೊಂಡವರಿಗೆ ಇ20 ಕಾಲದಲ್ಲಿ ಈ ಪೈಪಿನ ಮಾತು ಇನ್ನೂ ಜಾಸ್ತಿ ಅನ್ವಯಿಸುತ್ತದೆ.

ಮೈಲೇಜ್ ಗ್ಯಾಲನ್‌ಗೆ 26 ಮೈಲಿ, ಅಂದರೆ ಲೀಟರಿಗೆ 9 ಕಿಮೀ ಚಿಲ್ಲರೆ. ಪಿಕಪ್ ಬಗ್ಗೆ ದೂರಿಲ್ಲ. ಬಿಡಿಭಾಗ ಇವತ್ತಿಗೂ ಸಲೀಸಾಗಿ ಸಿಗುತ್ತದೆ. ಹತ್ತಕ್ಕೆ ಎಂಟು ಕೊಡುತ್ತೇನೆ. ಎರಡು ಮಾರ್ಕು ಕಡಿಮೆ ಮಾಡಿದ್ದು ಬಿಸಿಗೆ. ಈ ಎಂಜಿನ್‌ನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಬಿಸಿ ಹೊಗೆ ಹೊರಹೋಗುವ ಕೊಳವೆ) ಇರುವುದೂ ಕಾರ್ಬ್ ಪಕ್ಕದಲ್ಲೇ, ನಡುವೆ ಒಂದು ತಗಡು ಅಷ್ಟೇ. ಕಳೆದ ಜುಲೈನಲ್ಲಿ ಎಂ4 ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿ ಎಂಜಿನ್ ಆಫ್ ಮಾಡಿದವನು ಮತ್ತೆ ಸ್ಟಾರ್ಟ್ ಮಾಡಲು ಇಪ್ಪತ್ತು ನಿಮಿಷ ಬಾನೆಟ್ ಎತ್ತಿಕೊಂಡು ನಿಂತಿದ್ದೆ. ಹಿಂದಿನ ಲಾರಿಯವನು ಕೆಳಗಿಳಿದು ಬಂದು, ಬಯ್ಯುತ್ತಾನೇನೋ ಅಂದುಕೊಂಡರೆ, ಕಾರ್ಬ್‌ದೊಂದು ಫೋಟೋ ತೆಗೆದುಕೊಂಡು ಹೋದ.