ಚಿಗರಿಯ ಕೊರಳಪಟ್ಟಿ: ಆರು ತಿಂಗಳು ಹಾಕಿ ನೋಡಿದ ಮೇಲೆ

ಮುಧೋಳ ತಳಿಯ ಬೇಟೆ ನಾಯಿ ಸಾಕಿದವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಸಿಗುವ ಸಾದಾ ಕೊರಳಪಟ್ಟಿ ನಿಮ್ಮ ನಾಯಿಗೆ ಆಗೋದಿಲ್ಲ. ಎಷ್ಟು ಬಿಗಿ ಮಾಡಿದರೂ ಆಗೋದಿಲ್ಲ. ನನಗೆ ಇದು ಗೊತ್ತಾಗಿದ್ದು ಹೋದ ದೀಪಾವಳಿಯಲ್ಲಿ, ನಮ್ಮ ಪಾರ್ಕಿನ ಗೇಟಿನ ಮುಂದೆ.

ನಾನು ಬಾಗಲಕೋಟೆಯ ನವನಗರದವಳು. ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ, ಇಪ್ಪತ್ತೆರಡು ವರ್ಷ ಆಯ್ತು. ಗುಳೇದಗುಡ್ಡದ ಖಣದ ಕುಬಸ ಹೊಲಿಯೋದೇ ಜಾಸ್ತಿ. ನಮ್ಮ ಮುಧೋಳ ನಾಯಿ ಚಿಗರಿ ಮನೆಗೆ ಬಂದು ಮೂರು ವರ್ಷ. ಲೋಕಾಪುರದ ಕಡೆ ನಮ್ಮ ವೈನಿಯ ತವರಲ್ಲಿ ಹುಟ್ಟಿದ ಮರಿ ಅದು. ತಿಳಿ ಕಂದು ಬಣ್ಣ, ಉದ್ದನೆಯ ಕಾಲು. ಮೊದಲ ಸಲ ಹೊಲದಲ್ಲಿ ಓಡಿದ್ದು ನೋಡಿ ನನ್ನ ಮಗಳೇ ಚಿಗರಿ, ಅಂದರೆ ಜಿಂಕೆ, ಅಂತ ಹೆಸರಿಟ್ಟಳು.

ಆ ದಿನ ಸಂಜೆ ಪಾರ್ಕಿನ ಹತ್ತಿರ ಯಾರೋ ಲಕ್ಷ್ಮೀ ಪಟಾಕಿ ಹಚ್ಚಿದರು. ಚಿಗರಿ ಬೆದರಿ ಹಿಂದಕ್ಕೆ ಸರಿದಳು. ತಲೆ ಕೆಳಗೆ ಹಾಕಿ ಒಂದು ಸಲ ಜಗ್ಗಿದಳು ಅಷ್ಟೇ. ಪಟ್ಟಿ ಹಾಗೇ ಹಗ್ಗದ ತುದಿಯಲ್ಲಿ ನೇತಾಡುತ್ತಿತ್ತು, ನಾಯಿ ಇರಲಿಲ್ಲ. ಬಕಲ್ ಬಿಚ್ಚಿರಲಿಲ್ಲ, ಹೊಲಿಗೆ ಹರಿದಿರಲಿಲ್ಲ. ಎದುರಿಗೆ ಹಾಲಿನ ಪಾಕೀಟು ಹಿಡಿದು ಬರುತ್ತಿದ್ದ ಏಳೆಂಟು ವರ್ಷದ ಹುಡುಗ ಅವಳು ಓಡಿಬರೋದು ನೋಡಿ ಹೆದರಿ ಬಿದ್ದ. ಮೊಣಕಾಲು ತರಚಿತು. ಅವಳು ಅವನನ್ನು ಮುಟ್ಟಲಿಲ್ಲ. ಆದರೆ ಮುಟ್ಟೋದಿಲ್ಲ ಅಂತ ಆ ಮಗುವಿಗೆ ಹೇಗೆ ಗೊತ್ತಾಗಬೇಕು? ಅವನ ತಾಯಿ ನನಗೆ ಬೈದರು. ಸುಮ್ನೆ ತಲೆ ತಗ್ಗಿಸಿ ಕೇಳಿಸಿಕೊಂಡೆ. ಚಿಗರಿ ಸಿಕ್ಕಿದ್ದು ಎರಡು ತಾಸು ಬಿಟ್ಟು, ಗದ್ದನಕೇರಿ ಕಡೆ ಹೋಗುವ ರಸ್ತೆಯಲ್ಲಿ. ಲಾರಿ ಓಡಾಡುವ ರಸ್ತೆ ಅದು. ಈಗಲೂ ನೆನೆದರೆ ಎದೆ ಝಲ್ ಅನ್ನುತ್ತದೆ.

ಮನೆಗೆ ಬಂದವಳೇ ಟೇಪು ಹಿಡಿದೆ. ಕೊರಳಿನ ಸುತ್ತಳತೆ ಹದಿನಾಲ್ಕು ಇಂಚು. ಕಿವಿಯ ಹಿಂದೆ ತಲೆಯ ಸುತ್ತಳತೆ ಹದಿನಾಲ್ಕೂವರೆ. ಇರುವ ಫರಕು ಅರ್ಧ ಇಂಚು! ಕಿವಿ ಹಿಂದಕ್ಕೆ ಮಡಚಿದರೆ ಅದೂ ಇಲ್ಲ. ಬೇರೆ ಬಹಳಷ್ಟು ನಾಯಿಗಳಿಗೆ ತಲೆ ದಪ್ಪ, ಕೊರಳು ಸಣ್ಣ, ಹಾಗಾಗಿ ಪಟ್ಟಿ ನಿಲ್ಲುತ್ತದೆ. ಬೇಟೆ ನಾಯಿಗೆ ಉದ್ದ ಸಪೂರ ತಲೆ, ಗಟ್ಟಿ ಕೊರಳು. ತೋಳಿನ ಅಳತೆ ನೋಡದೆ ಕುಬಸ ಕತ್ತರಿಸೋದಿಲ್ಲ ನಾನು. ನಾಯಿಗೆ ಮಾತ್ರ ಅಳತೆ ನೋಡದೆ ಮುನ್ನೂರೈವತ್ತು ರೂಪಾಯಿ ಕೊಟ್ಟು ನೈಲಾನ್ ಪಟ್ಟಿ ತಂದಿದ್ದೆ. ತಪ್ಪು ನನ್ನದೇ.

ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಆದೇಶ ಬಂತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಬೀದಿನಾಯಿಗಳನ್ನು ತೆಗೆಯಬೇಕು ಅಂತ. ಅದು ಬೀದಿನಾಯಿಗಳ ವಿಷಯ. ಆದರೆ ಟಿವಿ ನೋಡಿದವರಿಗೆ ಎಲ್ಲ ನಾಯಿಯೂ ಒಂದೇ ಆಯ್ತು. ಅದಾಗಿ ಸ್ವಲ್ಪ ದಿನಕ್ಕೆ ಪಾರ್ಕಿನ ಗೇಟಿಗೆ ಬೋರ್ಡ್ ಬಿತ್ತು: ‘ಸಾಕುನಾಯಿಗಳಿಗೆ ಪ್ರವೇಶವಿಲ್ಲ.’ ಕೆಂಪು ಅಕ್ಷರ, ಕೆಳಗೆ ಸಹಿ ಇಲ್ಲ, ದಂಡ ಎಷ್ಟು ಅಂತ ಇಲ್ಲ, ಹೊತ್ತು ಗೊತ್ತು ಏನೂ ಇಲ್ಲ.

ನನಗೆ ಸಿಟ್ಟು ಬಂತು, ನಿಜ. ಆದರೆ ಅರ್ಧ ಸಿಟ್ಟು ನನ್ನ ಮೇಲೇ. ಆ ಬೋರ್ಡಿಗೆ ನಾನೂ ಒಂದು ಕಾರಣ ಅಲ್ವಾ? ನಾಯಿಯಿಂದ ಜನರಿಗೆ ಅಪಾಯ ಆಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲಾ 5,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಅದು ಸರಿಯಾದ ಕಾನೂನು. ಹಗ್ಗ ನನ್ನ ಕೈಯಲ್ಲಿ ಇರಬೇಕು, ಹೇಲು ನಾನೇ ಎತ್ತಬೇಕು, ಇಂಜೆಕ್ಷನ್ ಕಾರ್ಡು ಕೇಳಿದರೆ ತೋರಿಸಬೇಕು. ಇದರಲ್ಲಿ ನನ್ನದು ಎರಡು ಮಾತಿಲ್ಲ. ಆದರೆ ಪೂರ್ತಿ ಬಂದ್ ಮಾಡೋದು ಬೇರೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಸಲಹೆಯೂ ಅದೇ: ಪಾರ್ಕಿನಿಂದ ಪೂರಾ ಹೊರಗಿಡಬೇಡಿ, ಹೊತ್ತು ಗೊತ್ತು ಮಾಡಿ, ನಡೆದಾಡಲು ಸಿಗದ ನಾಯಿ ಮತ್ತಷ್ಟು ಕಿರಿಕಿರಿ ಮಾಡುತ್ತದೆ ಅಂತ. ಬೋರ್ಡ್ ಬಿದ್ದ ಮೇಲೆ ಓಡುವುದಕ್ಕೇ ಹುಟ್ಟಿದ ಚಿಗರಿಯನ್ನು ಎರಡು ವಾರ ಅಂಗಳದಲ್ಲಿ ಕಟ್ಟಿಹಾಕಿದಾಗ ಅವಳು ಗೇಟಿನ ಕಬ್ಬಿಣ ಕಚ್ಚಿ ಕಚ್ಚಿ ವಸಡಲ್ಲಿ ರಕ್ತ ಬರಿಸಿಕೊಂಡಳು.

ಮೊದಲು ಪಟ್ಟಿ ಸರಿ ಆಗಲಿ, ಆಮೇಲೆ ಪಾರ್ಕಿನವರ ಹತ್ತಿರ ಮಾತಾಡೋಣ ಅಂತ ಡಿಸೆಂಬರ್‌ನಲ್ಲಿ ಮುಧೋಳಕ್ಕೆ ಹೋದೆ. ಅಲ್ಲಿ ಎತ್ತಿನ ಸಾಮಾನು ಮಾಡುವವರೊಬ್ಬರು ಇದ್ದಾರೆ. ಕೊರಳಗೆಜ್ಜೆ ಪಟ್ಟಿ, ಹಣೆಪಟ್ಟಿ, ಬಾರುಕೋಲು, ಮಿಣಿ, ಎಲ್ಲ ಕೈಯಲ್ಲೇ. ಅವರ ಅಪ್ಪ ಹಿಂದೆ ಬೇಟೆ ನಾಯಿಗೂ ಪಟ್ಟಿ ಮಾಡುತ್ತಿದ್ದರಂತೆ. ನಾನು ಮೊಬೈಲಿನಲ್ಲಿ ಮಾರ್ಟಿಂಗೇಲ್ ಪಟ್ಟಿಯ ಚಿತ್ರ ತೋರಿಸಿದೆ. ಒಂದು ನಿಮಿಷ ನೋಡಿ ಮೊಬೈಲು ವಾಪಸ್ ಕೊಟ್ಟರು.

“ತಿಳೀತು ಬಿಡ್ರಿ ಅಕ್ಕಾರ. ಜಗ್ಗಿದ್ರ ಬಿಗಿ ಆಗಬೇಕು, ಬಿಟ್ರ ಸಡ್ಲ ಆಗಬೇಕು. ಆದ್ರ ಉಸುರು ಕಟ್ಟಬಾರ್ದು. ಅಷ್ಟ ಹೌದಲ್ಲ?”

“ಅಷ್ಟ ರೀ ಅಣ್ಣಾರ,” ಅಂದೆ. ಇದಕ್ಕಿಂತ ಚೆನ್ನಾಗಿ ನಾನು ಹೇಳೋಕೆ ಆಗುತ್ತಿರಲಿಲ್ಲ.

ಅದು ಕೆಲಸ ಮಾಡೋದು ಹೀಗೆ. ಎರಡು ಸುತ್ತು ಇರುತ್ತದೆ. ದೊಡ್ಡ ಸುತ್ತು ಕೊರಳಿಗೆ. ಅದರ ಎರಡು ತುದಿಗೆ ಎರಡು ಬಳೆ. ಆ ಬಳೆಗಳೊಳಗೆ ಹಾಯುವ ಸಣ್ಣ ಸುತ್ತಿಗೆ ಹಗ್ಗದ ಹುಕ್ ಹಾಕೋದು. ನಾಯಿ ಹಿಂದಕ್ಕೆ ಜಗ್ಗಿದರೆ ಸಣ್ಣ ಸುತ್ತು ಎರಡೂ ಬಳೆಗಳನ್ನು ಹತ್ತಿರ ಎಳೆಯುತ್ತದೆ, ದೊಡ್ಡದು ಕಿವಿಯ ಹಿಂದೆ ಬಿಗಿಯುತ್ತದೆ. ಪೂರ್ತಿ ಬಿಗಿದಾಗಲೂ ಎರಡು ಬಳೆ ಒಂದಕ್ಕೊಂದು ತಾಗಬಾರದು, ನಡುವೆ ಎರಡು ಬೆರಳು ಜಾಗ ಉಳಿಯಬೇಕು. ತಾಗಿದರೆ ಪಟ್ಟಿ ಸಡಿಲ ಆಯ್ತು ಅಂತ ಅರ್ಥ, ನಾಯಿ ಜಾರುತ್ತದೆ. ಉಸಿರು ಕಟ್ಟುವ ಸರಪಳಿಗೂ ಇದಕ್ಕೂ ಇದೇ ವ್ಯತ್ಯಾಸ. ಆ ಸರಪಳಿ ಬಿಗಿಯುತ್ತಲೇ ಹೋಗುತ್ತದೆ, ಇದು ಅಳತೆಗೆ ನಿಲ್ಲುತ್ತದೆ.

ಎಂಟು ದಿನಕ್ಕೆ ಮಾಡಿಕೊಟ್ಟರು. ಪಟ್ಟಿಗೆ 650 ರೂಪಾಯಿ, ಐದು ಅಡಿ ಚರ್ಮದ ಹಗ್ಗಕ್ಕೆ 450. ಎರಡು ಇಂಚು ಅಗಲ ಇದೆ, ಅದೇ ಮುಖ್ಯ. ಈ ನಾಯಿಗಳ ಕೊರಳ ಚರ್ಮ ತೆಳು, ಕಿರಿದಾದ ಪಟ್ಟಿ ಒಂದೇ ಕಡೆ ಕೊಯ್ಯುತ್ತದೆ. ಹೊಲಿಗೆ ನೋಡೋದು ನನ್ನ ಕಸುಬು, ಹಾಗಾಗಿ ಮಶೀನಿನ ದೀಪದ ಕೆಳಗೆ ಇಟ್ಟು ನೋಡಿದೆ. ಮೇಣ ಹಚ್ಚಿದ ದಪ್ಪ ದಾರ. ದಬ್ಬಣದಿಂದ ಮೊದಲು ತೂತು ಮಾಡಿ, ಎರಡೂ ಕಡೆಯಿಂದ ಸೂಜಿ ಹಾಯಿಸಿ ಹೊಲಿದಿದ್ದಾರೆ. ಒಂದು ಕಡೆ ದಾರ ಕಡಿದರೂ ಇನ್ನೊಂದು ಕಡೆಯದು ಹಿಡಿದಿರುತ್ತದೆ. ಬಳೆ ಕೂರುವ ಜಾಗದಲ್ಲಿ ಚರ್ಮ ಮಡಚಿ, ಚೌಕ ಹೊಲಿದು, ನಡುವೆ ಓರೆಗೆರೆ ಎರಡು. ಒಂದು ಟಾಕಿಗೂ ಇನ್ನೊಂದಕ್ಕೂ ಕೂದಲೆಳೆ ಫರಕಿಲ್ಲ. ಕಣ್ಣು ತುಂಬಿ ಬಂತು ನನಗೆ. ಒಳಗಡೆ ನಮ್ಮವ್ವನ ಹಳೆ ಕೌದಿಯ ತುಂಡು ಹಚ್ಚಿ ನಾನೇ ಹೊಲಿದುಕೊಂಡೆ. ನೂರು ಸಲ ಒಗೆದು ಮೆತ್ತಗಾದ ಬಟ್ಟೆ ಅದು, ಕೂದಲು ಉದುರಿಸುವುದಿಲ್ಲ.

ನಿಜವಾದ ಪರೀಕ್ಷೆ ಆಗಿದ್ದು ಹೋಳಿಯಲ್ಲಿ. ಬಾಗಲಕೋಟೆ ಹೋಳಿ ಗೊತ್ತಲ್ಲ, ದಿನಗಟ್ಟಲೆ ಹಲಗಿ ಬಾರಿಸುತ್ತಾರೆ. ಬೆಳಿಗ್ಗೆ ಬೇಗ ಹೊರಟರೂ ತಿರುವಿನಲ್ಲಿ ಹುಡುಗರ ಗುಂಪು ಎದುರಾಯ್ತು. ಹಲಗಿ ಸದ್ದು ಕೇಳಿದ್ದೇ ತಡ, ಚಿಗರಿ ದೀಪಾವಳಿಯಂದು ಮಾಡಿದ್ದನ್ನೇ ಮಾಡಿದಳು. ತಲೆ ತಗ್ಗಿಸಿದಳು, ಹಿಂದಕ್ಕೆ ಸರಿದಳು, ಮೈಯೆಲ್ಲ ಹಾಕಿ ಜಗ್ಗಿದಳು. ಪಟ್ಟಿ ಕಿವಿಯ ಬುಡಕ್ಕೆ ಬಂದು ನಿಂತಿತು. ಮೂರು ಸಲ ಜಗ್ಗಿದಳು, ಮೂರು ಸಲವೂ ನಿಂತಿತು. ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತು ಅವಳನ್ನು ಅಪ್ಪಿಕೊಂಡೆ. ಹುಡುಗರು ಪಾಪ ಬಾರಿಸೋದು ನಿಲ್ಲಿಸಿ, ದಾಟಿ ಹೋಗಿ ಆಂಟಿ ಅಂದರು.

ಕೊರತೆಗಳೂ ಇವೆ. ಮೊದಲ ಹತ್ತು ದಿನ ಚರ್ಮದ ಬಣ್ಣ ಕೊರಳಿಗೆ ಹತ್ತಿತು. ನಾಯಿಯ ಮೈ ತೊಳೆಯುವಾಗ ತೆಗೆಯಲೇಬೇಕು, ನೆನೆದರೆ ಬಿರುಸಾಗುತ್ತದೆ. ನಾನು ಹದಿನೈದು ದಿನಕ್ಕೊಮ್ಮೆ ಕೊಬ್ಬರಿ ಎಣ್ಣೆ ಸವರುತ್ತೇನೆ. ಬಳೆಗಳು ಕಬ್ಬಿಣದವು, ಎರಡೇ ತಿಂಗಳಿಗೆ ತುಕ್ಕು ಕಂಡಿತು. ಹೇಳಿದ್ದಕ್ಕೆ ಹಿತ್ತಾಳೆಯವು ಹಾಕಿಕೊಟ್ಟರು, 80 ರೂಪಾಯಿ ಜಾಸ್ತಿ ಆಯ್ತು. ನೀವು ಮೊದಲೇ ಹಿತ್ತಾಳೆ ಕೇಳಿ. ಇನ್ನೊಂದು, ಈ ಪಟ್ಟಿಯನ್ನು ಮನೆಯಲ್ಲಿ ಬಿಚ್ಚಿಡಬೇಕು. ಎಲ್ಲಾದರೂ ಸಿಕ್ಕಿಕೊಂಡರೆ ಬಿಗಿದು ಅಪಾಯ. ನಡೆಯುವಾಗ ಮಾತ್ರ ಹಾಕೋದು.

ಬಟನ್ ಒತ್ತಿದರೆ ಉದ್ದ ಆಗುವ ಹಗ್ಗವನ್ನು ಬೇಟೆ ನಾಯಿಗೆ ತರಲೇಬೇಡಿ. ಬೆಕ್ಕು ಕಂಡರೆ ಇವು ಒಂದೇ ನೆಗೆತ. ತೆಳು ದಾರ ಕೈ ಕೊಯ್ಯುತ್ತದೆ. ಕಚ್ಚದಂತೆ ನಾಯಿಯ ಮೂತಿಗೆ ಹಾಕುವ ಬಾಯಿಬುಟ್ಟಿ ವಿಷಯಕ್ಕೂ ಎಚ್ಚರ. ಮೊದಲು ನಾನು ಬಟ್ಟೆಯದು ತಂದಿದ್ದೆ. ಅದು ಬಾಯಿ ಪೂರ್ತಿ ಮುಚ್ಚುತ್ತದೆ. ನಾಯಿ ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು. ನಮ್ಮ ಬಿಸಿಲಲ್ಲಿ ಬಾಯಿ ಕಟ್ಟಿದರೆ ಜೀವಕ್ಕೇ ಕುತ್ತು. ಪಶು ಆಸ್ಪತ್ರೆಯ ಡಾಕ್ಟರು ನೋಡಿ ತೆಗೆಸಿದರು. ಈಗ ಜಾಳಿಗೆಯಂಥದ್ದು ಇದೆ, ಅದರಲ್ಲಿ ತೇಕಬಹುದು, ನೀರೂ ಕುಡಿಯಬಹುದು. ಗದ್ದಲ ಇದ್ದ ಕಡೆ ಮಾತ್ರ ಹಾಕುತ್ತೇನೆ.

ಒಂದು ವಿಷಯ ಮನಸ್ಸಿಗೆ ನೋವು ಕೊಡುತ್ತದೆ. ಮುಧೋಳ ನಾಯಿ ಅಂದರೆ ನಮ್ಮ ಜಿಲ್ಲೆಗೆ ಹೆಮ್ಮೆ. ಮುಧೋಳದ ಘೋರ್ಪಡೆ ರಾಜರು ಬೆಳೆಸಿದ ತಳಿ. 2005ರಲ್ಲಿ ಅಂಚೆ ಚೀಟಿ ಬಂತು. ತಿಮ್ಮಾಪುರದಲ್ಲಿ ಇವುಗಳಿಗೆಂದೇ ಸಂಶೋಧನಾ ಕೇಂದ್ರ ಇದೆ. ಸೈನ್ಯಕ್ಕೂ ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ರೇಡಿಯೋದಲ್ಲಿ ಹೆಸರು ಹೇಳಿದ ಮೇಲೆ ಮರಿ ಬೇಕು ಅಂತ ನಮ್ಮ ವೈನಿಯ ಮನೆಗೆ ಎಲ್ಲೆಲ್ಲಿಂದಲೋ ಫೋನು. ಆದರೆ ಆ ಕೊರಳಿಗೆ ಸರಿಹೊಂದುವ ಪಟ್ಟಿ ನಾನು ಹೋದ ಒಂದು ಅಂಗಡಿಯಲ್ಲೂ ಇರಲಿಲ್ಲ. ಅಂಥ ನಾಯಿಗೆ ಕಾಲಾಡಿಸಲು ಒಂದು ಹುಲ್ಲಿನ ಜಾಗವೂ ಬೇಡವಾ?

ನವನಗರ ಕಟ್ಟಿದ್ದೇ ಮುಳುಗಡೆಯಾದವರಿಗೆ. ಹಳೇ ಊರಲ್ಲಿ ನಮ್ಮ ಮನೆ ಆಲಮಟ್ಟಿ ಹಿನ್ನೀರಿಗೆ ಹೋದಾಗ ನಾನು ಸಣ್ಣವಳು. ಅಲ್ಲಿ ಓಣಿ ಇತ್ತು, ಹಿತ್ತಲು ಇತ್ತು, ನಾಯಿ ತನ್ನಷ್ಟಕ್ಕೆ ಓಡಾಡಿಕೊಂಡಿತ್ತು. ಇಲ್ಲಿ ಸೆಕ್ಟರಿಗೊಂದು ಅಳತೆ, ಅಳತೆಗೊಂದು ಮನೆ. ಪಾರ್ಕ್ ಬಿಟ್ಟರೆ ಉಳಿಯೋದು ಡಾಂಬರು ರಸ್ತೆ. ಏಪ್ರಿಲ್‌ನಲ್ಲಿ ಒಂಬತ್ತು ಗಂಟೆಗೆ ಅಂಗೈ ಊರಿ ನೋಡಿ, ಐದು ಎಣಿಸೋದರೊಳಗೆ ಎತ್ತುತ್ತೀರಿ. ಅದರ ಮೇಲೆ ಬರಿಗಾಲಲ್ಲಿ ನಡೆಯಬೇಕು ನಾಯಿ.

ಹೋಳಿ ಆದ ಮೇಲೆ ಪಟ್ಟಿ, ಹಗ್ಗ, ಇಂಜೆಕ್ಷನ್ ಕಾರ್ಡು ಹಿಡಿದು ಪಾರ್ಕ್ ನೋಡಿಕೊಳ್ಳುವ ಹಿರಿಯರ ಹತ್ತಿರ ಹೋದೆ. ಪಟ್ಟಿ ಜಗ್ಗಿ ತೋರಿಸಿದೆ. ಬಿದ್ದ ಹುಡುಗನ ತಾಯಿಯೂ ಅಲ್ಲಿದ್ದರು. ಅವರೇ ಪಟ್ಟಿ ಕೈಗೆ ತಗೊಂಡು ಎರಡು ಸಲ ಎಳೆದು ನೋಡಿದರು. “ಮಕ್ಕಳು ಬರೂದ್ರೊಳಗ ಮುಗಿಸ್ತೀಯೇನ್ ತಂಗಿ?” ಅಂತ ಅಜ್ಜ ಕೇಳಿದರು. ಬೆಳಿಗ್ಗೆ ಐದೂವರೆಯಿಂದ ಆರೂವರೆ, ಹಗ್ಗ ಬಿಡುವಂತಿಲ್ಲ, ಕಾರ್ಡಿನ ಝೆರಾಕ್ಸ್ ಕೊಡಬೇಕು, ಹೇಲು ಬಿದ್ದರೆ ಎತ್ತಬೇಕು. ಎಲ್ಲದಕ್ಕೂ ಹೂಂ ಅಂದೆ. ಈಗ ನಾವು ನಾಲ್ಕು ಮನೆಯವರು ಬರುತ್ತೇವೆ, ನಾಲ್ವರ ಜೇಬಲ್ಲೂ ಹಳೇ ಪೇಪರ್ ಇರುತ್ತದೆ. ಅದರಲ್ಲಿ ಎರಡು ನಾಯಿಗೆ ಮುಧೋಳದ ಅದೇ ಕೈಯ ಪಟ್ಟಿ.

ಮಾಡಿಸುವವರು ಮೂರು ಅಳತೆ ಒಯ್ಯಿರಿ: ಕೊರಳಿನ ನಡು, ಕಿವಿಯ ಹಿಂದಿನ ಕೊರಳು, ತಲೆಯ ಅಗಲವಾದ ಜಾಗ. ದಾರದಲ್ಲಿ ಅಲ್ಲ, ಟೇಪಿನಲ್ಲೇ ಅಳೆಯಿರಿ. ಸಾಧ್ಯವಾದರೆ ನಾಯಿಯನ್ನೇ ಕರೆದುಕೊಂಡು ಹೋಗಿ.

ಪಾರ್ಕಿನ ಬೋರ್ಡ್ ಮಾತ್ರ ಇನ್ನೂ ಹಾಗೇ ಇದೆ. ನಮಗೆ ಸಿಕ್ಕಿದ್ದು ಬಾಯಿಮಾತಿನ ಒಪ್ಪಿಗೆ, ನಾಳೆ ಬೇರೆಯವರು ಬಂದರೆ ಇರುತ್ತದೋ ಇಲ್ಲವೋ. ಅದರ ಕೆಳಗೆ ಒಂದು ಸಾಲು ಸೇರಿಸಿ, ಹೊತ್ತು ಮತ್ತು ಹಗ್ಗದ ನಿಯಮ ಬರೆಸಿ, ಪೇಂಟರ್ ಖರ್ಚು ನಾನು ಕೊಡುತ್ತೇನೆ ಅಂತ ಅಜ್ಜನಿಗೆ ಹೇಳಿ ಬಂದಿದ್ದೇನೆ.